16–12 ಇದ್ದದ್ದು 16–17 ಆದದ್ದು ಹೇಗೆ: 2015ರ ಎನ್‌ಆರ್‌ಎಲ್ ಫೈನಲ್

2015ರ ಅಕ್ಟೋಬರ್ 4, ಭಾನುವಾರ ರಾತ್ರಿ. ಆಸ್ಟ್ರೇಲಿಯಾದ ರಗ್ಬಿ ಲೀಗ್ ಪಂದ್ಯಾವಳಿ ಎನ್‌ಆರ್‌ಎಲ್‌ನ ಫೈನಲ್. ಸಿಡ್ನಿಯ ಎಎನ್‌ಝೆಡ್ ಸ್ಟೇಡಿಯಂನಲ್ಲಿ 82,758 ಜನ. ಬೋರ್ಡ್ ಮೇಲೆ ಬ್ರಿಸ್ಬೇನ್ ಬ್ರಾಂಕೋಸ್ 16, ನಾರ್ತ್ ಕ್ವೀನ್ಸ್‌ಲ್ಯಾಂಡ್ ಕೌಬಾಯ್ಸ್ 12. 80 ನಿಮಿಷದ ಆಟ ಮುಗಿಯೋಕೆ ಇನ್ನು ಕೆಲವೇ ಸೆಕೆಂಡ್. ಚೆಂಡು ಕೌಬಾಯ್ಸ್ ಕೈಯಲ್ಲಿದೆ. ಇನ್ನೊಂದು ಸಲ ಅವರನ್ನು ನೆಲಕ್ಕೆ ಕೆಡವಿದರೆ ಸಾಕು, ಕಪ್ ಬ್ರಿಸ್ಬೇನ್‌ಗೆ.

ಬ್ರಿಸ್ಬೇನ್‌ಗೆ ಹೋಗಲಿಲ್ಲ. ಎರಡು ನಿಮಿಷ ಕಳೆದಾಗ ಕೌಬಾಯ್ಸ್ 17–16ರಲ್ಲಿ ಚಾಂಪಿಯನ್ ಆಗಿದ್ದರು, ಬ್ರಾಂಕೋಸ್‌ನ ಬೆನ್ ಹಂಟ್ ಅನ್ನೋ ಆಟಗಾರ ಇಡೀ ಆಸ್ಟ್ರೇಲಿಯಾ ಕಣ್ಣಿಗೆ "ಚೆಂಡು ಬಿಟ್ಟವನು" ಆಗಿದ್ದ. ಈ ಪಂದ್ಯದ ಬಗ್ಗೆ ಮಾತು ಬಂದಾಗಲೆಲ್ಲ ಎರಡೇ ವಿಷಯ ಕೇಳಿಬರುತ್ತದೆ: ಕೌಬಾಯ್ಸ್‌ನ ಥರ್ಸ್ಟನ್ ಒದ್ದ, ಹಂಟ್ ಬಿಟ್ಟ. ಆ ಕೊನೆಯ ಐದು ನಿಮಿಷದ ವಿಡಿಯೋ ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ನೋಡಿದಷ್ಟೂ ಅನ್ನಿಸಿದ್ದು, ಹಂಟ್ ತಲೆಗೆ ಕಟ್ಟಿದ ಆ ತಪ್ಪು ಅಷ್ಟು ಸರಳ ಅಲ್ಲ ಅಂತ. ಸೋಲು ಅದಕ್ಕೂ ಮೊದಲೇ, ಸ್ಕೋರ್‌ಬೋರ್ಡ್‌ನ ಲೆಕ್ಕದಲ್ಲೇ ಕೂತಿತ್ತು.

ರಗ್ಬಿ ಲೀಗ್ ನೋಡದವರಿಗೆ ಸ್ವಲ್ಪ ಹೇಳಿಬಿಡ್ತೀನಿ, ಇಲ್ಲದಿದ್ದರೆ ಮುಂದಿನದು ತಲೆಗೆ ಹತ್ತೋದಿಲ್ಲ. ಒಂದೊಂದು ಕಡೆ 13 ಜನ. ಚೆಂಡು ಹಿಡಿದು ಮುಂದೆ ಓಡಬಹುದು, ಆದರೆ ಕೈಯಿಂದ ಪಾಸ್ ಮಾಡೋದು ಹಿಂದಕ್ಕೆ ಅಥವಾ ಪಕ್ಕಕ್ಕೆ ಮಾತ್ರ. ಕಬಡ್ಡಿಯಲ್ಲಿ ರೈಡರ್‌ನ ಕೆಡವೋ ಹಾಗೆ ಎದುರಾಳಿಗಳು ಕೆಡವುತ್ತಾರೆ, ಅದು ಒಂದು ಟ್ಯಾಕಲ್. ಒಂದು ತಂಡಕ್ಕೆ ಒಂದು ಸಲಕ್ಕೆ ಆರು ಟ್ಯಾಕಲ್, ಅದಕ್ಕೆ ಸೆಟ್ ಅಂತಾರೆ. ಅಷ್ಟರೊಳಗೆ ಏನೂ ಆಗಲಿಲ್ಲ ಅಂದ್ರೆ ಚೆಂಡು ಆ ಕಡೆಗೆ. ಎದುರಾಳಿಯ ಗೆರೆ ದಾಟಿ ಚೆಂಡನ್ನು ನೆಲಕ್ಕೆ ಒತ್ತಿದರೆ ಅದು ಟ್ರೈ, 4 ಅಂಕ. ಟ್ರೈ ಆದ ಮೇಲೆ ಕಂಬಗಳ ನಡುವೆ ಒದೆಯೋಕೆ ಒಂದು ಅವಕಾಶ, ಅದು ಕನ್ವರ್ಷನ್, 2 ಅಂಕ. ಇಲ್ಲೊಂದು ಕಿತಾಪತಿ ಇದೆ, ಟ್ರೈ ಎಲ್ಲಿ ಹಾಕಿದರೋ ಅದರ ನೇರಕ್ಕೇ ಹಿಂದೆ ಬಂದು ಒದೀಬೇಕು. ಮೂಲೆಯಲ್ಲಿ ಹಾಕಿದರೆ ಮೂಲೆಯಿಂದಲೇ. ಪೆನಾಲ್ಟಿ ಗೋಲಿಗೂ 2. ಆಟ ನಡೀತಿರುವಾಗಲೇ ಚೆಂಡನ್ನು ನೆಲಕ್ಕೆ ಬೀಳಿಸಿ ಪುಟಿಯುತ್ತಿದ್ದ ಹಾಗೆ ಕಂಬಗಳ ನಡುವೆ ಒದ್ದರೆ ಫೀಲ್ಡ್ ಗೋಲ್, 2015ರಲ್ಲಿ ಅದಕ್ಕೆ 1 ಅಂಕ. ಈ ಒಂದು ಅಂಕವನ್ನು ನೆನಪಿಟ್ಟುಕೊಳ್ಳಿ.

ಈಗ ತಂಡಗಳ ವಿಷಯ. ಇದು ಸುಮ್ನೆ ಎರಡು ತಂಡಗಳ ಫೈನಲ್ ಅಲ್ಲ, ಒಂದೇ ರಾಜ್ಯದ ಅಣ್ಣ ತಮ್ಮಂದಿರ ಜಗಳ. ಎರಡೂ ಕ್ವೀನ್ಸ್‌ಲ್ಯಾಂಡ್‌ನವು. ಈ ಲೀಗಿನ ಫೈನಲ್‌ಗೆ ಎರಡೂ ಕ್ವೀನ್ಸ್‌ಲ್ಯಾಂಡ್ ತಂಡಗಳೇ ಬಂದದ್ದು ಅದೇ ಮೊದಲು. ಆದರೆ ಬ್ರಿಸ್ಬೇನ್‌ಗೂ ಕೌಬಾಯ್ಸ್ ಊರಾದ ಟೌನ್ಸ್‌ವಿಲ್‌ಗೂ 1,300 ಕಿಲೋಮೀಟರ್‌ಗಿಂತ ಜಾಸ್ತಿ ದೂರ. ಒಂದು ರಾಜಧಾನಿ, ಇನ್ನೊಂದು ಉತ್ತರದ ಬಿಸಿಲೂರು.

ಬ್ರಾಂಕೋಸ್ ಅಣ್ಣ. 1988ರಲ್ಲಿ ಶುರುವಾದ ತಂಡ, 1992, 1993, 1997, 1998, 2000, 2006, ಹೀಗೆ ಆರು ಸಲ ಫೈನಲ್ ಆಡಿ ಆರೂ ಸಲ ಗೆದ್ದಿತ್ತು. ಫೈನಲ್ ಸೋತು ಗೊತ್ತೇ ಇಲ್ಲದ ತಂಡ. ಆ ಆರೂ ಸಲ ಕೋಚ್ ಒಬ್ಬರೇ, ವೇಯ್ನ್ ಬೆನೆಟ್. 2008ರ ಕೊನೆಗೆ ಬಿಟ್ಟು ಹೋಗಿ, ಸೇಂಟ್ ಜಾರ್ಜ್ ಇಲವಾರಾ ತಂಡಕ್ಕೆ 2010ರಲ್ಲಿ ಕಪ್ ಗೆಲ್ಲಿಸಿಕೊಟ್ಟು, ನ್ಯೂಕಾಸಲ್‌ನಲ್ಲೂ ಇದ್ದು, 2015ಕ್ಕೆ ವಾಪಸ್ ಬಂದಿದ್ದರು. ಬಂದ ವರ್ಷವೇ ತಂಡವನ್ನು ಲೀಗ್ ಪಟ್ಟಿಯಲ್ಲಿ ಎರಡನೇ ಸ್ಥಾನಕ್ಕೆ ತಂದು ಕೂರಿಸಿದರು.

ಕೌಬಾಯ್ಸ್ ಕಥೆ ಬೇರೆ. 1995ರಲ್ಲಿ ಲೀಗಿಗೆ ಬಂದರು, ಮೊದಲ ವರ್ಷ ಗೆದ್ದದ್ದು ಎರಡೇ ಪಂದ್ಯ, ಪಟ್ಟಿಯಲ್ಲಿ ಕಟ್ಟಕಡೆ. ಬ್ರಾಂಕೋಸ್ ವಿರುದ್ಧ ಮೊದಲ ಗೆಲುವು ಸಿಕ್ಕಿದ್ದೇ 2004ರಲ್ಲಿ, 10–0. ಮರುವರ್ಷ ಜೋನಾಥನ್ ಥರ್ಸ್ಟನ್ ಬಂದ, ಆ ವರ್ಷವೇ ಫೈನಲ್ ತಲುಪಿದರು, ವೆಸ್ಟ್ಸ್ ಟೈಗರ್ಸ್ ಎದುರು 30–16ರಲ್ಲಿ ಸೋತರು. ಆ ಫೈನಲ್‌ನಲ್ಲಿ ಟೈಗರ್ಸ್‌ನ ಬೆಂಜಿ ಮಾರ್ಷಲ್ ಓಡ್ತಾ ಓಡ್ತಾ ಬೆನ್ನ ಹಿಂದಿನಿಂದ ಪ್ಯಾಟ್ ರಿಚರ್ಡ್ಸ್‌ಗೆ ಚೆಂಡು ತಳ್ಳಿ ಟ್ರೈ ಹಾಕಿಸಿದ್ದು ಇವತ್ತಿಗೂ ಟಿವಿಯಲ್ಲಿ ತೋರಿಸುತ್ತಾರೆ. ಕೌಬಾಯ್ಸ್ ಅಭಿಮಾನಿಗಳಿಗೆ ಹತ್ತು ವರ್ಷ ಆ ವಿಡಿಯೋ ನೋಡೋದೇ ಶಿಕ್ಷೆ.

ಥರ್ಸ್ಟನ್ ಬಗ್ಗೆ ಒಂದು ಮಾತು. ಹುಟ್ಟಿದ್ದು ಬೆಳೆದದ್ದು ಬ್ರಿಸ್ಬೇನ್‌ನಲ್ಲೇ, ಆದರೆ ಆಡೋಕೆ ಸಿಡ್ನಿಯ ಬುಲ್‌ಡಾಗ್ಸ್‌ಗೆ ಹೋಗಬೇಕಾಯಿತು. 2004ರಲ್ಲಿ ಬುಲ್‌ಡಾಗ್ಸ್ ಕಪ್ ಗೆದ್ದಾಗ, ಗಾಯದಿಂದ ಫೈನಲ್ ತಪ್ಪಿಸಿಕೊಂಡ ನಾಯಕ ಸ್ಟೀವ್ ಪ್ರೈಸ್‌ಗೆ, ಕಪ್ ಗೆದ್ದವರಿಗೆ ಸಿಗುವ ತನ್ನ ಉಂಗುರ ಕೊಟ್ಟುಬಿಟ್ಟ. ಕೊಡುವಾಗ ಆತನಿಗೆ 21 ವರ್ಷ, ಇನ್ನೊಂದು ಉಂಗುರಕ್ಕೆ 11 ವರ್ಷ ಕಾಯಬೇಕಾಗುತ್ತೆ ಅಂತ ಯಾರಿಗೆ ಗೊತ್ತಿತ್ತು?

ಕಾದದ್ದಷ್ಟೇ ಅಲ್ಲ, ಕೈಗೆ ಬಂದದ್ದು ಬಾಯಿಗೆ ಬರದ ಹಾಗೆ ಮೂರು ವರ್ಷ ಸಾಲಾಗಿ ಕಳೆದುಕೊಂಡರು. 2012ರಲ್ಲಿ ಮ್ಯಾನ್ಲಿ ಎದುರು ಸೋತಾಗ, ಮ್ಯಾನ್ಲಿ ಆಟಗಾರನ ಕೈಗೆ ಚೆಂಡು ತಾಗಿ ಮುಂದಕ್ಕೆ ಹೋದದ್ದನ್ನು ಲೆಕ್ಕಿಸದೆ ಟ್ರೈ ಕೊಟ್ಟಿದ್ದರು ಅನ್ನೋ ಸಿಟ್ಟು. 2013ರಲ್ಲಿ ಕ್ರೊನುಲ್ಲಾ ಶಾರ್ಕ್ಸ್ ಎದುರು 20–18. ಅವತ್ತು ಶಾರ್ಕ್ಸ್‌ನ ಒಂದು ಟ್ರೈ ಬಂದದ್ದು ಏಳನೇ ಟ್ಯಾಕಲ್‌ನಲ್ಲಿ! ಆರಕ್ಕೆ ಮುಗಿಯಬೇಕಾದದ್ದು, ರೆಫರಿ ಎಣಿಸೋದು ತಪ್ಪಿದರು. ಒಂದನೇ ಕ್ಲಾಸ್ ಮಗ್ಗಿ ಅದು. 2014ರಲ್ಲಿ ಸಿಡ್ನಿ ರೂಸ್ಟರ್ಸ್ ಎದುರು 30–0 ಹಿಂದಿದ್ದು 30–30ಕ್ಕೆ ತಂದರು, ಒಂದು ಫೀಲ್ಡ್ ಗೋಲ್ ಬಿಟ್ಟುಕೊಟ್ಟು 31–30 ಆಯಿತು, ಕೊನೆ ಗಳಿಗೆಯಲ್ಲಿ ಥರ್ಸ್ಟನ್ ಹಾಕಿದ ಟ್ರೈಯನ್ನು ವಿಡಿಯೋ ನೋಡಿ ರದ್ದು ಮಾಡಿದರು. ಅದು ಸರಿಯಾದ ತೀರ್ಪೋ ತಪ್ಪೋ ಅಂತ ಟೌನ್ಸ್‌ವಿಲ್‌ನಲ್ಲಿ ಕೇಳೋಕೆ ಹೋಗಬೇಡಿ. ಮೂರೂ ನಾಕೌಟ್ ಪಂದ್ಯಗಳು, ಮೂರೂ ಸಿಡ್ನಿಯಲ್ಲಿ.

ನಾನು ಇದನ್ನು ಉದ್ದಕ್ಕೆ ಹೇಳಿದ್ದಕ್ಕೆ ಕಾರಣ ಇದೆ. ಕೊನೆಯ ನಿಮಿಷದಲ್ಲಿ ಏನಾದರೂ ಆಗಬಹುದು ಅನ್ನೋದು ಕೌಬಾಯ್ಸ್‌ಗೆ ಬರೀ ಮಾತಲ್ಲ, ಮೈಮೇಲಿನ ಬರೆ.

2015ರ ಸೀಸನ್ ಶುರುವಾದದ್ದೂ ಹಾಗೇ. ಮೊದಲ ಮೂರು ಪಂದ್ಯ ಮೂರೂ ಸೋಲು. ತವರಲ್ಲೇ ರೂಸ್ಟರ್ಸ್ ಎದುರು 28–4, ಆಮೇಲೆ ನ್ಯೂಕಾಸಲ್ ಎದುರು, ಮೂರನೆಯದು ಬ್ರಾಂಕೋಸ್ ಎದುರೇ 44–22. ಕೋಚ್ ಪಾಲ್ ಗ್ರೀನ್ ಅವರಿಗೆ ಅದು ಎರಡನೇ ವರ್ಷ, ಅವರೂ ಒಂದು ಕಾಲಕ್ಕೆ ಇದೇ ತಂಡಕ್ಕೆ ಆಡಿದವರು. ಆಮೇಲೆ ಏನಾಯಿತೋ, ಸತತ 11 ಗೆಲುವು. ನನ್ನ ಪ್ರಕಾರ ಆ ವರ್ಷದ ಒಳ್ಳೆಯ ಖರೀದಿ ಜೇಕ್ ಗ್ರ್ಯಾನ್‌ವಿಲ್, ಬ್ರಾಂಕೋಸ್‌ನಿಂದ ಬಂದ ಹುಕರ್. ಪ್ರತಿ ಟ್ಯಾಕಲ್ ಆದ ಮೇಲೆ ನೆಲದಿಂದ ಚೆಂಡೆತ್ತಿ ಕೊಡೋ ಕೆಲಸ ಹುಕರ್‌ದು. ಆತ ಚುರುಕಾಗಿದ್ದರೆ ಥರ್ಸ್ಟನ್‌ಗೆ ಯೋಚನೆ ಮಾಡೋಕೆ ಅರ್ಧ ಸೆಕೆಂಡ್ ಜಾಸ್ತಿ ಸಿಗುತ್ತದೆ. ಥರ್ಸ್ಟನ್‌ನಂಥವನಿಗೆ ಅರ್ಧ ಸೆಕೆಂಡ್ ಕೊಟ್ಟರೆ ಮುಗೀತು. ಆ ವರ್ಷ ಡ್ಯಾಲಿ ಎಂ ಪ್ರಶಸ್ತಿ, ಅಂದರೆ ಲೀಗಿನ ವರ್ಷದ ಆಟಗಾರ ಅನ್ನೋ ಗೌರವ, ಆತನಿಗೆ ನಾಲ್ಕನೇ ಸಲ ಬಂತು.

ಲೀಗ್ ಹಂತ ಮುಗಿದಾಗ ರೂಸ್ಟರ್ಸ್ ಒಂದು, ಬ್ರಾಂಕೋಸ್ ಎರಡು, ಕೌಬಾಯ್ಸ್ ಮೂರು, ಮೆಲ್ಬೋರ್ನ್ ಸ್ಟಾರ್ಮ್ ನಾಲ್ಕು. ಇಲ್ಲಿಯ ಫೈನಲ್ಸ್, ಅಂದರೆ ನಾಕೌಟ್ ಹಂತದ ಪದ್ಧತಿ ಹೀಗೆ: ಮೊದಲ ವಾರ ಒಂದಕ್ಕೂ ನಾಲ್ಕಕ್ಕೂ, ಎರಡಕ್ಕೂ ಮೂರಕ್ಕೂ ಪಂದ್ಯ. ಗೆದ್ದವರಿಗೆ ಒಂದು ವಾರ ರಜಾ, ಆಮೇಲಿನ ಸೆಮಿಫೈನಲ್ ತವರಿನಲ್ಲಿ. ಸೋತವರು ಮನೆಗೆ ಹೋಗಬೇಕಿಲ್ಲ, ಆದರೆ ಒಂದು ಪಂದ್ಯ ಜಾಸ್ತಿ ಆಡಬೇಕು.

ಸೆಪ್ಟೆಂಬರ್ 12ರಂದು ಬ್ರಿಸ್ಬೇನ್‌ನಲ್ಲಿ ಇಬ್ಬರೂ ಎದುರುಬದುರಾದರು. ಬ್ರಾಂಕೋಸ್ ಗೆದ್ದರು. ಸ್ಕೋರ್ ಎಷ್ಟು ಗೊತ್ತಾ? 16–12. ಹೌದು, ಮೂರು ವಾರ ಬಿಟ್ಟು ಫೈನಲ್‌ನಲ್ಲಿ ಸೈರನ್ ಹೊಡೆಯೋವರೆಗೂ ಬೋರ್ಡ್ ಮೇಲೆ ನಿಂತಿದ್ದ ಅದೇ ಅಂಕಿ.

ಅಲ್ಲಿಂದ ದಾರಿಗಳು ಬೇರೆಯಾದವು. ಬ್ರಾಂಕೋಸ್ ಒಂದು ವಾರ ಕಾಲು ಚಾಚಿ ಕೂತು, ಆಮೇಲೆ ಮನೆಯಂಗಳದಲ್ಲೇ ರೂಸ್ಟರ್ಸ್‌ನ 31–12ರಲ್ಲಿ ಹೊಡೆದರು. ಆಟ ಶುರುವಾಗಿ ಒಂದು ನಿಮಿಷ ಕಳೆಯೋಷ್ಟರಲ್ಲಿ ಡೇರಿಯಸ್ ಬಾಯ್ಡ್ ಎದುರಾಳಿಯ ಪಾಸ್ ಕದ್ದು ಟ್ರೈ ಹಾಕಿದ್ದ, ರೂಸ್ಟರ್ಸ್‌ಗೆ ಅಲ್ಲೇ ಅರ್ಧ ಜೀವ ಹೋಗಿತ್ತು. ಒಂದೇ ಆತಂಕ, ನಾಯಕ ಜಸ್ಟಿನ್ ಹಾಡ್ಜಸ್ ಮೇಲೆ ಅಪಾಯಕಾರಿ ಟ್ಯಾಕಲ್ ಅಂತ ಕೇಸಾಯಿತು, ಶಿಕ್ಷೆಯಾಗಿದ್ದರೆ ಫೈನಲ್ ತಪ್ಪುತ್ತಿತ್ತು. ಅದು ಆತನ ಕೊನೆಯ ಪಂದ್ಯ ಬೇರೆ. ವಿಚಾರಣೆಯಲ್ಲಿ ತಪ್ಪಿಲ್ಲ ಅಂತಾಯಿತು, ಆಡಿದ.

ಕೌಬಾಯ್ಸ್ ತವರಿಗೆ ಬಂದು ಶಾರ್ಕ್ಸ್‌ನ 39–0ರಲ್ಲಿ ತೊಳೆದುಹಾಕಿದರು. ಏಳನೇ ಟ್ಯಾಕಲ್ ಬಾಕಿ ಬಡ್ಡಿ ಸಮೇತ ಚುಕ್ತಾ. ಮರುವಾರ ದೇಶದ ಇನ್ನೊಂದು ತುದಿಗೆ, ಮೆಲ್ಬೋರ್ನ್‌ಗೆ ಹೋಗಿ ಸ್ಟಾರ್ಮ್‌ನ 32–12ರಲ್ಲಿ ಸೋಲಿಸಿದರು. ಸ್ಟಾರ್ಮ್‌ನ ಅವರ ಮನೆಯಲ್ಲಿ, ಫೈನಲ್ಸ್ ಸಮಯದಲ್ಲಿ, 20 ಅಂಕದಿಂದ! ವಿಶ್ರಾಂತಿ ಸಿಕ್ಕ ತಂಡಕ್ಕೆ ಲಾಭ ಅಂತ ಎಲ್ಲರೂ ಹೇಳುತ್ತಾರೆ, ಇರಬಹುದು. ಆದರೆ ಕೌಬಾಯ್ಸ್ ಆ ಎರಡು ವಾರ ಸೋತರೆ ಮನೆಗೆ ಅನ್ನೋ ಪಂದ್ಯಗಳನ್ನೇ ಆಡಿ ಬಂದವರು. ಬ್ರಾಂಕೋಸ್ ಆಡಿದ್ದು ಅಂಥದ್ದು ಒಂದೇ, ಅದೂ ಮೊದಲ ನಿಮಿಷದಲ್ಲೇ ಹಿಡಿತಕ್ಕೆ ಬಂದದ್ದು.

ಫೈನಲ್‌ಗೆ ಬರೋಣ. ಎರಡೂ ಕಡೆ ಮೂಲನಿವಾಸಿ ಸಮುದಾಯದ ನಾಯಕರು, ಆ ಕಡೆ ಹಾಡ್ಜಸ್, ಈ ಕಡೆ ಮ್ಯಾಥ್ಯೂ ಸ್ಕಾಟ್ ಜೊತೆ ನಾಯಕತ್ವ ಹಂಚಿಕೊಂಡಿದ್ದ ಥರ್ಸ್ಟನ್. ಮೊದಲಾರ್ಧ ಬಿರುಸು. ಕೋರಿ ಪಾರ್ಕರ್ ಪೆನಾಲ್ಟಿ ಒದ್ದ, 2–0. ಕೋರಿ ಓಟ್ಸ್ ಟ್ರೈ ಹಾಕಿದ, 8–0. ಕೌಬಾಯ್ಸ್‌ನ ಜಸ್ಟಿನ್ ಓನೀಲ್ ಟ್ರೈ, 8–6. ಜೇಮ್ಸ್ ಟಾಮೂ ಟ್ರೈ, ಕೌಬಾಯ್ಸ್ 12–8 ಮುಂದೆ. ಜ್ಯಾಕ್ ರೀಡ್ ಟ್ರೈ, ಪಾರ್ಕರ್ ಕನ್ವರ್ಷನ್, ಅರ್ಧ ಸಮಯಕ್ಕೆ ಬ್ರಾಂಕೋಸ್ 14–12.

ದ್ವಿತೀಯಾರ್ಧದಲ್ಲಿ ಪಾರ್ಕರ್ ಇನ್ನೊಂದು ಪೆನಾಲ್ಟಿ ಒದ್ದ, 16–12. ಆಮೇಲೆ ಏನೂ ಇಲ್ಲ. ಬರೀ ಹೊಡೆತ, ಕೆಡವು, ಒದೆ, ಓಡು. ಸೈರನ್ ತನಕ ಯಾರೂ ಒಂದಂಕ ಗಳಿಸಲಿಲ್ಲ.

ಇಲ್ಲಿ ನಿಲ್ಲಬೇಕು. 14–12 ಇದ್ದಾಗ ಎರಡು ಅಂಕ ತಗೊಂಡದ್ದು ತಪ್ಪೇ? ಖಂಡಿತ ಅಲ್ಲ. ಎರಡು ಅಂಕದ ಮುನ್ನಡೆ ಇದ್ದರೆ ಎದುರಾಳಿ ಒಂದು ಪೆನಾಲ್ಟಿಯಲ್ಲಿ ಸಮ ಮಾಡುತ್ತಾನೆ, ನಾಲ್ಕಾದರೆ ಟ್ರೈ ಬೇಕೇ ಬೇಕು. ಯಾವ ಕೋಚ್ ಆದರೂ ಕಂಬದ ಕಡೆಗೇ ಕೈ ತೋರಿಸುತ್ತಿದ್ದರು. ತೊಂದರೆ ಇರುವುದು ನಾಲ್ಕರಲ್ಲೇ ನಿಂತದ್ದರಲ್ಲಿ. ನಾಲ್ಕು ಅಂದರೆ ಸರಿಯಾಗಿ ಒಂದು ಟ್ರೈ. ಟ್ರೈ ಬಿದ್ದರೆ ಸಮ, ಕನ್ವರ್ಷನ್ನೂ ಆದರೆ ಸೋಲು. ಅದೇ ಐದಾಗಿದ್ದರೆ, ಅಂದರೆ ಆ ಒಂದು ಅಂಕದ ಫೀಲ್ಡ್ ಗೋಲ್ ಎಲ್ಲಾದರೂ ಬಿದ್ದು 17–12 ಆಗಿದ್ದರೆ? ಮೂಲೆಯಲ್ಲಿ ಟ್ರೈ ಹಾಕಿ 17–16ಕ್ಕೆ ಬಂದು, ಅಂಚಿನಿಂದ ಒದ್ದ ಕನ್ವರ್ಷನ್ ಕಂಬಕ್ಕೆ ಬಡಿದು ವಾಪಸ್ ಬಂದಿದ್ದರೆ, ಅಲ್ಲಿಗೆ ಆಟ ಮುಗೀತಿತ್ತು. ಗೋಲ್ಡನ್ ಪಾಯಿಂಟ್ ಅನ್ನೋ ಹೆಚ್ಚುವರಿ ಆಟ ಇರುತ್ತಿರಲಿಲ್ಲ. ಹಂಟ್ ಕೈಗೆ ಆ ಚೆಂಡು ಬರುತ್ತಲೇ ಇರಲಿಲ್ಲ. ಬ್ರಾಂಕೋಸ್ ಡಿಫೆನ್ಸ್ ಅವತ್ತು ಅದ್ಭುತವಾಗಿತ್ತು, ಅದರಲ್ಲಿ ಎರಡು ಮಾತಿಲ್ಲ. ಬಹುಶಃ ಅಷ್ಟು ಚೆನ್ನಾಗಿದ್ದದ್ದೇ ಅವರನ್ನು ಕೆಡಿಸಿತು, ಹೀಗೇ ತಡೆದು ನಿಂತರೆ ಸಾಕು ಅನ್ನಿಸಿರಬೇಕು.

ಈಗ ಆ ಕೊನೆಯ ಗಳಿಗೆ. ಥರ್ಸ್ಟನ್ ಚೆಂಡು ಹಿಡಿದು ಬಲಗಡೆಗೆ ಓಡುತ್ತಾನೆ, ಮುಂದೆ ದಾರಿ ಇಲ್ಲ, ಹಿಡಿಯೋಕೆ ಬಂದವರಿಂದ ಜಾರಿಕೊಂಡು ಅಡ್ಡಡ್ಡ ಹೋಗುತ್ತಾನೆ, ಇನ್ನೇನು ಸಿಕ್ಕಿಬಿದ್ದ ಅನ್ನುವಾಗ ಮೈಕಲ್ ಮಾರ್ಗನ್‌ಗೆ ಕೊಡುತ್ತಾನೆ. ಮಾರ್ಗನ್ ಗೆರೆಯ ಕಡೆ ನುಗ್ಗುತ್ತಾನೆ, ಬ್ರಾಂಕೋಸ್ ಆಟಗಾರರು ಅವನ ಮೇಲೆ ಬೀಳುತ್ತಾರೆ. ಬೀಳೋ ಮುಂಚೆ ಆತ ಪಕ್ಕಕ್ಕೆ ನೋಡುವುದೂ ಇಲ್ಲ, ಕೈ ಹಿಂದಕ್ಕೆ ತಿರುಗಿಸಿ ಚೆಂಡನ್ನು ಚಿಮ್ಮಿಸುತ್ತಾನೆ. ಅಂಚಿನಲ್ಲಿ ಕೈಲ್ ಫೆಲ್ಟ್ ಇದ್ದ. ಹಿಡಿದ, ಮೂಲೆಯಲ್ಲಿ ಬಿದ್ದ, ಸೈರನ್ ಹೊಡೆಯಿತು. 16–16.

ಮಾರ್ಗನ್, ಫೆಲ್ಟ್ ಇಬ್ಬರೂ ಟೌನ್ಸ್‌ವಿಲ್ ಹುಡುಗರು. ಹತ್ತು ವರ್ಷದ ಹಿಂದೆ ಯಾವ ಚಿಮ್ಮು ಪಾಸ್ ಆ ಊರಿನ ಹೊಟ್ಟೆ ಉರಿಸಿತ್ತೋ, ಅಂಥದ್ದೇ ಒಂದನ್ನು ಆ ಊರಿನವನೇ ಹಾಕಿದ. ಪಂದ್ಯದ ಶ್ರೇಷ್ಠ ಆಟಗಾರನಿಗೆ ಕೊಡುವ ಕ್ಲೈವ್ ಚರ್ಚಿಲ್ ಪದಕ ಥರ್ಸ್ಟನ್‌ಗೆ ಹೋಯಿತು, ತಕರಾರಿಲ್ಲ, ಆದರೆ ಅವತ್ತಿನ ಒಂದೇ ಒಂದು ಕೈಚಳಕಕ್ಕೆ ಪದಕ ಕೊಡೋದಾದರೆ ನಾನು ಮಾರ್ಗನ್‌ಗೇ ಕೊಡ್ತಿದ್ದೆ.

ಕನ್ವರ್ಷನ್ ಬಲ ಅಂಚಿನಿಂದ. ಒದ್ದರೆ ಕಪ್. ಥರ್ಸ್ಟನ್ ಚೆಂಡು ಇಟ್ಟ, ನಿಂತ, ಒದ್ದ. ಚೆಂಡು ಹೋಯಿತು, ಹೋಯಿತು, ಬಲಗಂಬಕ್ಕೆ ಬಡಿದು ಹೊರಗೆ. ಕಂಬದ ದಪ್ಪ ಎಷ್ಟಿದ್ದೀತು ಹೇಳಿ?

ಗೋಲ್ಡನ್ ಪಾಯಿಂಟ್ ಅಂದರೆ ಐದೈದು ನಿಮಿಷದ ಎರಡು ಅವಧಿ, ಆದರೆ ಯಾರು ಮೊದಲು ಒಂದು ಅಂಕ ಗಳಿಸುತ್ತಾರೋ ಅಲ್ಲಿಗೆ ಮುಗೀತು. ಈ ಲೀಗಿನಲ್ಲಿ 2003ರಿಂದ ಇತ್ತು, ಫೈನಲ್‌ನಲ್ಲಿ ಬೇಕಾಗಿ ಬಂದದ್ದು ಇದೇ ಮೊದಲು. ಕೌಬಾಯ್ಸ್ ಒದ್ದರು, ಬ್ರಾಂಕೋಸ್ ಹಿಡೀಬೇಕು. ಚೆಂಡು ಹಂಟ್ ಕಡೆ ಬಂತು, ಕೈಗೆ ಸಿಕ್ಕಿತು ಅನ್ನುವಷ್ಟರಲ್ಲಿ ಜಾರಿತು. ಬ್ರಾಂಕೋಸ್ ಗೆರೆಯ ಹತ್ತಿರವೇ ಚೆಂಡು ಕೌಬಾಯ್ಸ್ ಪಾಲಾಯಿತು. ಇನ್ನು ಟ್ರೈ ಬೇಕಿಲ್ಲ, ಒಂದೇ ಅಂಕ ಸಾಕು. ಸ್ವಲ್ಪ ಹೊತ್ತಿಗೆ, ಸುಮಾರು 20 ಮೀಟರ್‌ನಿಂದ ಥರ್ಸ್ಟನ್ ಬೀಳಿಸಿ ಒದ್ದ. 82ನೇ ನಿಮಿಷ. 17–16. ಎರಡೂ ಕಂಬದ ನಡುವೆ, ಈ ಸಲ.

ಹಂಟ್ ತಪ್ಪು ಮಾಡಿದ್ದು ನಿಜ. ಆದರೆ ಆ ಜಾಗದಲ್ಲಿ ನಿಂತು ನೋಡಿ. ಎರಡು ನಿಮಿಷದ ಹಿಂದೆ ನೀವು ಚಾಂಪಿಯನ್. ಕಣ್ಣೆದುರೇ ಅದು ಹೋಯಿತು. ಕಂಬ ಉಳಿಸಿತು. ಎದೆ ಇನ್ನೂ ಡಬಡಬ ಅನ್ನುವಾಗಲೇ ಆಕಾಶದಿಂದ ಚೆಂಡು ಬರುತ್ತಿದೆ. ಸಾವಿರ ಸಲ ಹಿಡಿದ ಕ್ಯಾಚೇ ಅದು. 30ನೇ ನಿಮಿಷದಲ್ಲಿ ಬಿಟ್ಟಿದ್ದರೆ ಯಾರಿಗೂ ನೆನಪಿರುತ್ತಿರಲಿಲ್ಲ. ಗೋಲ್ಡನ್ ಪಾಯಿಂಟ್ ನಿಯಮ ಒಂದು ತಪ್ಪಿಗೆ ಅಷ್ಟು ಬೆಲೆ ಕಟ್ಟಿದ್ದರಿಂದಲೇ ಅದು ಹಂಟ್‌ನ ಸೋಲಾಯಿತು. ಮುಂದಿನ ವರ್ಷದಿಂದ ಫೈನಲ್ಸ್ ಪಂದ್ಯಗಳಿಗೆ ನಿಯಮ ಬದಲಾಯಿಸಿದರು. ಸಮ ಆದರೆ ಮೊದಲು ಐದೈದು ನಿಮಿಷ ಪೂರ್ತಿ ಆಡಬೇಕು, ಆಗಲೂ ಸಮ ಇದ್ದರೆ ಮಾತ್ರ ಗೋಲ್ಡನ್ ಪಾಯಿಂಟ್. ನನ್ನ ಕೇಳಿದರೆ ಇದು ಮೊದಲೇ ಇರಬೇಕಿತ್ತು.

ಪಂದ್ಯ ಮುಗಿದ ಮೇಲಿನ ಒಂದು ದೃಶ್ಯ ಹೇಳಲೇಬೇಕು. ಥರ್ಸ್ಟನ್ ಮೈದಾನದಲ್ಲೇ ಕೂತಿದ್ದ, ತೊಡೆ ಮೇಲೆ ಪುಟ್ಟ ಮಗಳು. ಮಗುವಿನ ಕೈಯಲ್ಲಿ ಒಂದು ಗೊಂಬೆ, ಕಪ್ಪು ಬಣ್ಣದ್ದು. ಅಪ್ಪ ಮಗಳು ಏನು ಮಾತಾಡಿಕೊಂಡರೋ, ಆದರೆ ಆ ಗೊಂಬೆಯ ಬಣ್ಣದ ಬಗ್ಗೆ ಆಸ್ಟ್ರೇಲಿಯಾದಲ್ಲಿ ಬಹಳ ದಿನ ಮಾತು ನಡೆಯಿತು. ಈ ಲೀಗಿನ ಟ್ರೋಫಿಯ ಮೇಲೂ ಇಬ್ಬರು ಮನುಷ್ಯರಿದ್ದಾರೆ, 1963ರ ಫೈನಲ್ ಮುಗಿದ ಮೇಲೆ ಕೆಸರು ಮೆತ್ತಿದ ಮೈಯಲ್ಲಿ ತಬ್ಬಿಕೊಂಡ ಇಬ್ಬರು ಎದುರಾಳಿ ನಾಯಕರು, ಒಬ್ಬ ಎತ್ತರ, ಒಬ್ಬ ಗಿಡ್ಡ. ಅದು ಒಂದು ಫೋಟೋ ನೋಡಿ ಮಾಡಿದ್ದು. 2015ಕ್ಕೆ ಟ್ರೋಫಿ ಮಾಡೋದಿದ್ದರೆ ಆ ಗೊಂಬೆಯ ಫೋಟೋ ಸಾಕಿತ್ತು.

ಕೌಬಾಯ್ಸ್ 2017ರಲ್ಲಿ ಎಂಟನೇ ಸ್ಥಾನದಿಂದ ಫೈನಲ್ ತನಕ ಬಂದರು, ಗಾಯಗೊಂಡ ಥರ್ಸ್ಟನ್ ಇಲ್ಲದೆ. ಸ್ಟಾರ್ಮ್ ಎದುರು 34–6ರಲ್ಲಿ ಸೋತರು. ಥರ್ಸ್ಟನ್ 2018ರಲ್ಲಿ ಬೂಟು ಕಳಚಿದ. ಪಾಲ್ ಗ್ರೀನ್ 2022ರಲ್ಲಿ ತೀರಿಕೊಂಡರು, 49 ವರ್ಷ. ಟೌನ್ಸ್‌ವಿಲ್‌ಗೆ ಇವತ್ತಿಗೂ ಇರುವ ಒಂದೇ ಕಪ್ ಅವರು ಗೆಲ್ಲಿಸಿಕೊಟ್ಟದ್ದು.

ಹಂಟ್? ಎರಡು ಸೀಸನ್ ಬ್ರಾಂಕೋಸ್‌ನಲ್ಲೇ ಇದ್ದು ಸೇಂಟ್ ಜಾರ್ಜ್ ಇಲವಾರಾಗೆ ಹೋದ. ಬ್ರಾಂಕೋಸ್ 2023ರ ಫೈನಲ್‌ನಲ್ಲಿ ಪೆನ್ರಿತ್ ಎದುರು 24–8 ಮುಂದಿದ್ದು 26–24ರಲ್ಲಿ ಸೋತರು, ಗೆರೆ ಹತ್ತಿರ ಬಂದು ಮುಗ್ಗರಿಸೋದು ಅವರಿಗೂ ರೂಢಿಯಾಯಿತು. 2025ಕ್ಕೆ ಹಂಟ್ ವಾಪಸ್ ಬಂದ, ವಯಸ್ಸು 35. ಅಕ್ಟೋಬರ್ 5ರಂದು ಮತ್ತೆ ಫೈನಲ್, ಅದೇ ಸಿಡ್ನಿ, ಅದೇ ಮೈದಾನ, ಮೈದಾನದ ಹೆಸರಷ್ಟೇ ಬೇರೆ. ಎದುರಿಗೆ ಸ್ಟಾರ್ಮ್. ಬ್ರಾಂಕೋಸ್ 26, ಸ್ಟಾರ್ಮ್ 22. ಮುನ್ನಡೆ ಈ ಸಲವೂ ನಾಲ್ಕೇ, ಸೈರನ್ ತನಕ ಉಳಿಯಿತು.